ಆರಡಿ ಮಾರು, ಐದಡಿ ಅಜ್ಜಿ

ಆಯುಧಪೂಜೆಯ ಹಿಂದಿನ ಸಂಜೆ ಚಿತ್ರದುರ್ಗದ ಸಂತೆಹೊಂಡದ ಬಳಿಯ ಒಂದು ಹೋಟೆಲಿನಲ್ಲಿ ನಾವು ನಾಲ್ವರು ಮಂಡಕ್ಕಿ, ಮಿರ್ಚಿಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೆವು. ಬೋರ್‌ವೆಲ್ ಏಜೆಂಟ್ ತಿಪ್ಪೇಶಿ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ನೋಟಿಸೊಂದನ್ನು ತೆಗೆದು, ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರ ಮುಂದೆ ಹರಡಿದನು. ಎಂಟುನೂರು ಅಡಿ ಕೊರೆಸಿಯೂ ಬರೀ ಧೂಳು ಕಂಡ ರೈತರೊಬ್ಬರು ಬಾಕಿ ಹಣ ಕೊಡುವುದಿಲ್ಲವೆಂದು ಕಳುಹಿಸಿದ್ದ ನೋಟಿಸು ಅದು.

“ಬೈದದ್ದಕ್ಕೆ ಬೇಸರವಿಲ್ಲ ಮೇಷ್ಟ್ರೇ. ನನ್ನ ನಡತೆ ‘ಅನ್‌ಫ್ಯಾದಮಬಲ್’ ಎಂದು ಬರೆದಿದ್ದಾರೆ. ಪಾದಂ ಎಂದರೆ ಅಡಿಯಲ್ಲವೇ? ಅಡಿ ಅಡಿಗೂ ಲೆಕ್ಕ ಬರೆದಿಟ್ಟಿರುವ ನನ್ನನ್ನು ಅಡಿಯ ಲೆಕ್ಕಕ್ಕೆ ಸಿಕ್ಕದವನು ಎಂದರೆ ಹೇಗೆ?” ಎಂದು ಅವನು ಕೇಳಿದನು.

ಮೇಷ್ಟ್ರು ಕನ್ನಡಕ ಏರಿಸಿ, “ತಪ್ಪು ದಾರಿ ಹಿಡಿದು ಸರಿಯಾದ ಊರಿನ ಹತ್ತಿರಕ್ಕೇ ಬಂದಿದ್ದೀಯ. ನಿನ್ನ ನಡತೆ ಅರ್ಥವೇ ಆಗುವುದಿಲ್ಲ ಎಂದು ಅವರು ಬರೆದಿರುವುದು. ಅದು ಪಾದಂ ಅಲ್ಲ, ಫ್ಯಾದಮ್. ಪಾದಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ. ಆದರೆ ಆರು ಅಡಿ ಸೇರಿದರೆ ಒಂದು ಫ್ಯಾದಮ್. ಸಮುದ್ರದ ಆಳವನ್ನು ಹೇಳುವ ಅಳತೆ ಅದು,” ಎಂದರು.

“ಹಾಗಾದರೆ ಇದು ಬೋರ್‌ವೆಲ್ಲಿನ ಮಾತೇ ಆಯಿತು!” ಎಂದು ತಿಪ್ಪೇಶಿಯ ಮುಖ ಅರಳಿತು. ಬೈಗುಳದಲ್ಲಿಯೂ ತನ್ನ ಕಸುಬಿನ ಪದ ಬಳಸಿದ್ದಾರೆಂಬುದು ಅವನಿಗೆ ಸಣ್ಣ ಸನ್ಮಾನದಂತೆ ಕಂಡಿರಬೇಕು.

ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ನೀರಿನ ಗೊಡವೆಯೇ ಇರಲಿಲ್ಲವೆಂದೂ, ಚಾಚಿದ ಎರಡು ತೋಳುಗಳು, ಅವುಗಳ ನಡುವಿನ ಅಪ್ಪುಗೆ ಎಂಬುದೇ ಅದರ ಅರ್ಥವಾಗಿತ್ತೆಂದೂ, ಕ್ರಿಯಾಪದವಾಗಿ ಬಳಸಿದಾಗ ತಬ್ಬಿಕೊಳ್ಳು ಎಂದೇ ಆಗುತ್ತಿತ್ತೆಂದೂ ವಿವರಿಸಿದರು. ಇನ್ನೂ ಹಿಂದಕ್ಕೆ ಹೋದರೆ ‘ಹರಡು’ ಎಂಬ ಅರ್ಥದ ಒಂದು ಮೂಲ ಧಾತು ಸಿಗುತ್ತದಂತೆ.

“ಅಪ್ಪುಗೆ ನೀರಿಗೆ ಬಿದ್ದದ್ದು ಹೇಗೆ?” ಎಂದು ವಕೀಲರು ಪಾಟೀಸವಾಲು ಹಾಕಿದರು.

“ಹಗ್ಗದಿಂದ. ಹಡಗಿನವನು ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು, ಅದು ತಳ ಮುಟ್ಟಿದ ಮೇಲೆ ಎಳೆದುಕೊಳ್ಳುತ್ತ ಈ ಕೈಯಿಂದ ಆ ಕೈಗೆ ಚಾಚಿ ಅಳೆಯುತ್ತಿದ್ದನು. ಒಂದು ಚಾಚು ಒಂದು ಫ್ಯಾದಮ್. ಆಮೇಲೆ ಹಗ್ಗಕ್ಕೇ ಗುರುತು ಕಟ್ಟುವ ಪದ್ಧತಿ ಬಂತು. ಎರಡಕ್ಕೆ ಎರಡು ಚರ್ಮದ ಪಟ್ಟಿ, ಮೂರಕ್ಕೆ ಮೂರು, ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು ಬಟ್ಟೆ. ಕತ್ತಲೆಯಲ್ಲಿ ಮುಟ್ಟಿ ನೋಡಿದರೂ ತಿಳಿಯಲೆಂದು ಬೇರೆ ಬೇರೆ ಬಗೆಯ ಬಟ್ಟೆ. ಗುಂಡಿನ ತಳದ ಕುಳಿಯಲ್ಲಿ ಪ್ರಾಣಿಯ ಕೊಬ್ಬು ಮೆತ್ತಿರುತ್ತಿದ್ದರು. ಅದಕ್ಕೆ ಮರಳೋ ಚಿಪ್ಪೋ ಅಂಟಿಕೊಂಡು ಬಂದರೆ ತಳ ಎಂಥದ್ದೆಂದು ಗೊತ್ತಾಗುತ್ತಿತ್ತು.”

“ನಾವೂ ಮೇಲೆ ಬಂದ ಕಲ್ಲಿನ ಪುಡಿಯ ಬಣ್ಣ ನೋಡಿಯೇ ಮುಂದಕ್ಕೆ ಕೊರೆಯುವುದು,” ಎಂದು ತಿಪ್ಪೇಶಿ ಗಂಭೀರನಾಗಿ ಹೇಳಿದನು. ಆ ಪುಡಿಯ ಬಣ್ಣವನ್ನು ಅವನು ಯಾವಾಗ ನೋಡಿದರೂ ಅದು ‘ಇನ್ನೂ ನೂರಡಿ’ ಎಂದೇ ಹೇಳುತ್ತದೆ ಎಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಮಿಸಿಸಿಪ್ಪಿ ನದಿಯ ಉಗಿಹಡಗುಗಳಲ್ಲಿ ಎರಡು ಫ್ಯಾದಮ್ ನೀರಿದೆ, ಅಂದರೆ ಹನ್ನೆರಡು ಅಡಿ, ದಾರಿ ಸಲೀಸು ಎನ್ನಲು ‘ಮಾರ್ಕ್ ಟ್ವೇನ್’ ಎಂದು ಕೂಗುತ್ತಿದ್ದರು. ಆ ಕೂಗನ್ನೇ ಸ್ಯಾಮ್ಯುಯೆಲ್ ಕ್ಲೆಮೆನ್ಸ್ 1863ರಲ್ಲಿ ತನ್ನ ಕಾವ್ಯನಾಮವಾಗಿಸಿಕೊಂಡನು. ಇದನ್ನು ಕೇಳಿದ ತಿಪ್ಪೇಶಿ ತಾನೂ ಒಂದು ದಿನ ‘ತಿಪ್ಪೇಶಿ ಎಂಟುನೂರಡಿ’ ಎಂದು ಹೆಸರಿಟ್ಟುಕೊಳ್ಳುವುದಾಗಿ ಹೇಳಿದನು. 1875ರಲ್ಲಿ ಚಾಲೆಂಜರ್ ಎಂಬ ಹಡಗು ಪೆಸಿಫಿಕ್ ಸಾಗರದಲ್ಲಿ ಹಗ್ಗ ಇಳಿಬಿಟ್ಟು 4,475 ಫ್ಯಾದಮ್ ಅಳೆದದ್ದನ್ನು ಮೇಷ್ಟ್ರು ಹೇಳಿದಾಗಲಂತೂ ಅವನು ಮೊಬೈಲ್ ತೆಗೆದು ಆರರಿಂದ ಗುಣಿಸಿ, “26,850 ಅಡಿ! ಅಡಿಗೆ ನೂರು ರೂಪಾಯಿ ಹಿಡಿದರೂ ಇಪ್ಪತ್ತಾರು ಲಕ್ಷ ಎಂಬತ್ತೈದು ಸಾವಿರ,” ಎಂದು ನಿಟ್ಟುಸಿರು ಬಿಟ್ಟನು. “ಅಲ್ಲಿ ನೀರಂತೂ ಮೊದಲೇ ಸಿಕ್ಕಿಬಿಟ್ಟಿದೆ, ನೋಟಿಸಿನ ಭಯವೂ ಇಲ್ಲ.”

“ತೋಳು ಚಾಚಿದ ಅಳತೆ ಎಂದರೆ ನಮ್ಮ ಮಾರೇ ಅಲ್ಲವೇ?” ಎಂದು ನಾನು ಕೇಳಿದೆ.

“ಸಾಕ್ಷಾತ್ ಮಾರು. ಸಂಸ್ಕೃತದಲ್ಲಿ ಅದಕ್ಕೆ ವ್ಯಾಮ ಎಂಬ ಪದ ಅಮರಕೋಶದಲ್ಲಿದೆ. ಮನುಷ್ಯನ ಮಾರು ಹೆಚ್ಚುಕಡಿಮೆ ಅವನ ಎತ್ತರದಷ್ಟೇ ಇರುತ್ತದೆ,” ಎಂದ ಮೇಷ್ಟ್ರು ಮಾತಿನಲ್ಲಿ ನಿಲ್ಲದೆ, ಎದ್ದು ಹೋಗಿ ಸುಣ್ಣ ಬಳಿದ ಗೋಡೆಗೆ ಬೆನ್ನು ತಾಗಿಸಿ ಎರಡೂ ಕೈ ಚಾಚಿದರು. ತಿಪ್ಪೇಶಿ ಸೊಂಟದಲ್ಲಿದ್ದ ಟೇಪು ಹಿಡಿದನು. ಎತ್ತರ ಐದು ಅಡಿ ಆರು ಇಂಚು, ಮಾರು ಐದು ಅಡಿ ಏಳು ಇಂಚು. ಗೋಡೆಯ ಎರಡು ತುದಿಗಳಲ್ಲಿ ಮಿರ್ಚಿಯ ಎಣ್ಣೆಯ ಐದೈದು ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತು. ಹಬ್ಬಕ್ಕೆಂದು ಸುಣ್ಣ ಹೊಡೆಸಿದ್ದ ಹೋಟೆಲಿನ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ನೋಡಿದ ನೋಟದ ಆಳವನ್ನು ಯಾವ ಹಗ್ಗದಿಂದಲೂ ಅಳೆಯಲಾಗುತ್ತಿರಲಿಲ್ಲ.

“ಸರಿ, ಆಳು ಮುಳುಗುವಷ್ಟು ಇದ್ದದ್ದೇ ಆಳ. ಪದ ಹುಟ್ಟಿದ್ದೇ ಹಾಗೆ,” ಎಂದು ತಿಪ್ಪೇಶಿ ತೀರ್ಪು ಕೊಟ್ಟನು. ಮೇಷ್ಟ್ರು ಅದನ್ನು ಒಪ್ಪಲಿಲ್ಲ. ಹಳಗನ್ನಡದಲ್ಲಿ ಆಳು ಎಂಬುದಕ್ಕೆ ಳಕಾರವಿದ್ದರೆ ಆಳಕ್ಕೆ ಇದ್ದದ್ದು ಈಗ ಬಳಕೆ ತಪ್ಪಿಹೋಗಿರುವ ೞ ಎಂಬ ಅಕ್ಷರ. ಆ ಅಕ್ಷರ ಸತ್ತದ್ದರಿಂದ ಇವೆರಡೂ ಒಂದೇ ಮನೆಯವರಂತೆ ಕಾಣುತ್ತಿವೆ ಅಷ್ಟೆ ಎಂದರು.

“ಹಾಗಾದರೆ ಅಳು?”

ಮೇಷ್ಟ್ರು ಸ್ವಲ್ಪ ತಡವರಿಸಿ, “ಅದಕ್ಕೂ ೞ ಇತ್ತು,” ಎಂದು ಒಪ್ಪಿಕೊಂಡರು.

“ನೋಡಿದಿರಾ! ಬೋರ್ ಕೊರೆಸಿದವರಿಗೆ ಆಳವೂ ಅಳುವೂ ಒಂದೇ ಅಕ್ಷರದವು,” ಎಂದು ವಕೀಲರು ತಿಪ್ಪೇಶಿಯ ಬೆನ್ನು ತಟ್ಟಿದರು. ಆ ಉತ್ಸಾಹದಲ್ಲಿಯೇ, ಮಾರಿಕಣಿವೆ ಎಂಬುದು ಮೂಲದಲ್ಲಿ ಮಾರುಕಣಿವೆಯೇ ಇರಬೇಕು, ಅಲ್ಲಿನ ವಾಣಿವಿಲಾಸ ಸಾಗರ ಅಣೆಕಟ್ಟಿನ ತುಂಬು ಮಟ್ಟವಾದ 130 ಅಡಿಯೆಂದರೆ ಇಪ್ಪತ್ತೊಂದು ಮಾರಿನ ಮೇಲೆ ನಾಲ್ಕು ಅಡಿ, 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನೀರು ನಿಂತಿದ್ದದ್ದು ಅಷ್ಟೇ ಮಾರು ಎಂದು ವಾದ ಹೂಡಿದರು. ಅಲ್ಲಿ ಕಣಿವೆ ಮಾರಮ್ಮನ ಗುಡಿ ಇರುವುದನ್ನು ನಾನು ನೆನಪಿಸಿದ ಮೇಲೆ ಕೆನ್ನೆ ಬಡಿದುಕೊಂಡು ವಾದವನ್ನು ಹಿಂದಕ್ಕೆ ಪಡೆದರು.

ಅಷ್ಟರಲ್ಲಿ ಹೂವಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ಬಾಗಿಲಿಗೆ ಬಂದಳು. ಬೋರ್ ಲಾರಿಯ ಪೂಜೆಗೆ ತಿಪ್ಪೇಶಿಗೆ ಹತ್ತು ಮಾರು ಸೇವಂತಿಗೆ ಬೇಕಾಗಿತ್ತು. ಅಜ್ಜಿ ಮಾಲೆಯ ತುದಿಯನ್ನು ಎಡಗೈಯ ಬೆರಳ ಸಂದಿಗೆ ಸಿಕ್ಕಿಸಿ, ಬಲಗೈಯನ್ನು ಎದೆಯ ಮುಂದಿನಿಂದ ಸರ್ರನೆ ಎಳೆದು “ಒಂದು” ಎಂದಳು. ಫ್ಯಾದಮ್ ಪದದ ಜರ್ಮನ್ ದಾಯಾದಿ ಫಾಡನ್, ಅದರ ಅರ್ಥ ದಾರ ಎಂದು ಮೇಷ್ಟ್ರು ಪಿಸುಗುಟ್ಟಿದರು. ತೋಳೂ ದಾರವೂ ಆ ಅಜ್ಜಿಯ ಬಳಿ ಒಟ್ಟಿಗೇ ಇದ್ದವು.

ವಕೀಲರು ಬಿಡಲಿಲ್ಲ. “ಅಜ್ಜಿ, ಮಾರು ಎಂದರೆ ಆರು ಅಡಿ. ನಿನ್ನದು ಐದೂ ಇದ್ದಂತಿಲ್ಲ.”

“ಆರಡಿ ಮಾರು ಬೇಕಂದ್ರೆ ಆರಡಿ ಹೆಂಗಸ್ನ ಹುಡುಕ್ಕಂಡು ಹೋಗಪ್ಪ,” ಎಂದ ಅಜ್ಜಿ ಎಣಿಕೆ ತಪ್ಪದಂತೆ “ನಾಲ್ಕು” ಎಂದಳು. “ನಮ್ಮವ್ವನ ಮನೆ ಬಾವಿಗೆ ನನ್ನ ಕೈಲೇ ಎಂಟು ಮಾರು ಹಗ್ಗ ಅಳೆದು ತರ್ತಿದ್ದೆ. ಆವಾಗ ಯಾರೂ ಜಗಳ ತೆಗೀಲಿಲ್ಲ.”

“ಈಗ ಆ ಬಾವಿ?” ಎಂದೆ.

“ಬತ್ತಿ ಹೋತು. ಕಸ ತುಂಬಿ ಮುಚ್ಚಿದ್ರು. ಐದು.”

ನಮ್ಮ ಮಾರೂ ಆಳಕ್ಕೆ ಇಳಿದು ಬಂದದ್ದೇ ಎಂಬುದು ನನಗೆ ಆಗ ಹೊಳೆಯಿತು. ಬಾವಿಗಳು ಬತ್ತಿ ಅಡಿಯ ಲೆಕ್ಕದ ಬೋರುಗಳು ಬಂದ ಮೇಲೆ ಅದು ಮೇಲೆ ಬಂದು ಹೂವಿನ ಬುಟ್ಟಿ ಸೇರಿಕೊಂಡಿದೆ. ಇಂಗ್ಲಿಷರ ಪದವಾದರೋ ತಳ ಮುಟ್ಟಿದ ಮೇಲೂ ಸುಮ್ಮನಿರದೆ, 17ನೆಯ ಶತಮಾನದ ಹೊತ್ತಿಗೆ ಮನಸ್ಸಿನೊಳಕ್ಕೂ ಹಗ್ಗ ಬಿಟ್ಟು, ‘ಅರ್ಥ ಮಾಡಿಕೊಳ್ಳು’ ಎಂಬ ಅರ್ಥವನ್ನು ಪಡೆಯಿತು. ಆ ಅರ್ಥವೇ ನೋಟಿಸಿನವರೆಗೂ ಬಂದು ತಿಪ್ಪೇಶಿಯ ಕೊರಳಿಗೆ ಬಿದ್ದಿತ್ತು.

ಅಜ್ಜಿ ಹತ್ತು ಎಣಿಸಿ, ಮೇಲೊಂದು ಮೊಳ ಕೊಸರು ಹಾಕಿ ದುಡ್ಡು ಎಣಿಸಿಕೊಂಡು ಹೋದಳು. ತಿಪ್ಪೇಶಿ ಹೂವಿನ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು, “ವಕೀಲರೇ, ಉತ್ತರ ಬರೆಯಿರಿ. ನನ್ನ ಕಕ್ಷಿದಾರ ಕೊರೆದದ್ದು ನಿಖರವಾಗಿ ಇಷ್ಟು ಫ್ಯಾದಮ್, ಆದ್ದರಿಂದ ಆತ ಅನ್‌ಫ್ಯಾದಮಬಲ್ ಅಲ್ಲ ಎಂದು,” ಎಂದನು.

ವಕೀಲರು ನೋಟಿಸಿನ ಹಿಂಬದಿಯಲ್ಲಿ ಎಂಟುನೂರನ್ನು ಆರರಿಂದ ಭಾಗಿಸಿದರು. “ನೂರ ಮೂವತ್ತಮೂರು. ಎರಡು ಅಡಿ ಉಳಿಯುತ್ತದೆ. ಅದನ್ನು ಏನೆಂದು ಬರೆಯಲಿ?”

“ಕೊಸರು ಎಂದು ಬರೆಯಿರಿ,” ಎಂದನು ತಿಪ್ಪೇಶಿ.