ನಿವೃತ್ತಿಯ ನಂತರ ಮನಸ್ಸಿಗೆ ಹಿಡಿಸುವ ಅರ್ಧ ದಿನದ ಕೆಲಸ: ನಿಮ್ಮ ಅನುಭವ ಹೇಳಿ

ಕೇಳಿದವರು:
ಸಿವಿಲ್ ಎಂಜಿನಿಯರ್ ಆಗಿದ್ದೆ, ಈಚೆಗೆ ನಿವೃತ್ತಿಯಾಯಿತು. ಪಿಂಚಣಿಯಲ್ಲಿ ಸಂಸಾರ ನಡೆಯುತ್ತದೆ, ಸಂಬಳ ಮುಖ್ಯ ಅಲ್ಲ. ಆದರೆ ಬೆಳಗ್ಗೆ ಎದ್ದರೆ ಹೋಗಲೇಬೇಕಾದ ಜಾಗ ಅಂತ ಒಂದೂ ಇಲ್ಲ, ಅದು ಕಷ್ಟವಾಗುತ್ತಿದೆ. ಮತ್ತೆ ಮೀಟಿಂಗು, ಟಾರ್ಗೆಟ್ಟು ಬೇಡ. ನೀವೆಲ್ಲ ಹೇಗೆ ಹುಡುಕಿಕೊಂಡಿರಿ?

ಅಕೌಂಟೆಂಟ್ ಆಗಿದ್ದವರು:
ಸರ್, ಮೊದಲು ಹುದ್ದೆಯ ಹೆಸರನ್ನು ಪಕ್ಕಕ್ಕಿಡಿ. ಹಳೆಯ ಕೆಲಸದಲ್ಲಿ ಯಾವುದನ್ನು ಮಾಡುವಾಗ ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ ಅಂತ ನೆನಪು ಮಾಡಿಕೊಳ್ಳಿ. ನನಗೆ ಅದು ತೆರಿಗೆಯೂ ಅಲ್ಲ, ಗ್ರಾಹಕರ ಜೊತೆ ಮಾತೂ ಅಲ್ಲ; ಚೆಲ್ಲಾಪಿಲ್ಲಿಯಾಗಿ ಬಂದ ರಸೀದಿಗಳನ್ನು ಒಂದೊಂದಾಗಿ ಅದರದರ ಜಾಗಕ್ಕೆ ಸೇರಿಸುವುದು. ಈಗ ಲೈಬ್ರರಿಯಲ್ಲಿ, ವಾಪಸ್ ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತೇನೆ. ವಿಷಯ ನೋಡಿ ಪುಸ್ತಕಕ್ಕೆ ನಂಬರ್ ಕೊಡಲು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯೇ ಅಲ್ಲಿ ಇವತ್ತಿಗೂ ನಡೆಯುತ್ತದೆ: ಅಡುಗೆ 641.5, ಹೂಗಿಡ 635.9. ಬಿಂದುವಿನ ಆಚೆ ಒಂದೊಂದೇ ಅಂಕಿ ನೋಡಿಕೊಂಡು ಹೋಗಬೇಕು. 641.56 ಬರುವುದು 641.6ಕ್ಕಿಂತ ಮೊದಲು, ಆದರೆ ಹೊಸಬರು 56 ದೊಡ್ಡದಲ್ವಾ ಅಂತ ಮುಂದಕ್ಕೆ ಇಟ್ಟುಬಿಡುತ್ತಾರೆ. ಆಮೇಲೆ ಕಂಪ್ಯೂಟರ್ ಪುಸ್ತಕ ಇದೆ ಅನ್ನುತ್ತದೆ, ಹುಡುಕಿ ಬಂದವರ ಕೈಗೆ ಸಿಗುವುದಿಲ್ಲ. ಅಂಥದ್ದೊಂದು ಕಣ್ಣಿಗೆ ಬಿದ್ದರೆ, ಲೆಕ್ಕ ತಾಳೆಯಾದಾಗ ಆಗುತ್ತಿದ್ದ ಖುಷಿಯೇ ಆಗುತ್ತದೆ.

ನಿಮಗೆ ಯಾವುದು ಇಷ್ಟವಿತ್ತು? ಸೈಟಿನಲ್ಲಿ ಓಡಾಡುವುದಾ, ನಕ್ಷೆಯಾ, ಕಿರಿಯರಿಗೆ ಹೇಳಿಕೊಡುವುದಾ? ಒಂದೊಂದೂ ಬೇರೆ ಬೇರೆ ಕಡೆ ಕರೆದುಕೊಂಡು ಹೋಗುತ್ತದೆ.

ನರ್ಸ್ ಆಗಿದ್ದವರು:
ನಾನು ಸಸಿ ಬೆಳೆಸುವ ನರ್ಸರಿಗೆ ಹೋಗುತ್ತೇನೆ. ಮೊಳಕೆ ಬಂದ ಸಣ್ಣ ಸಸಿಯನ್ನು ಕಿತ್ತು ಬೇರೆ ಕುಂಡಕ್ಕೆ ಹಾಕುವಾಗ ಎಲೆ ಹಿಡಿಯಬೇಕು, ಕಾಂಡ ಹಿಡಿಯಬಾರದು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿಯೇ ಹೋಯಿತು. ಹುಷಾರಾಗಿ ನೋಡಿಕೊಳ್ಳುವ ಕೆಲಸವೇ ನನಗೆ ಬೇಕಿತ್ತು, ರಾತ್ರಿ ಪಾಳಿ ಮಾತ್ರ ಬೇಡವಾಗಿತ್ತು. ಒಂದು ಮಾತು, ಸೇರುವ ಮುಂಚೆ ಕೆಲವು ದಿನ ಸುಮ್ನೆ ಹೋಗಿ ಜೊತೆಗೆ ಕೆಲಸ ಮಾಡಿ ನೋಡಿ. ಎಷ್ಟು ಹೊತ್ತು ನಿಲ್ಲಬೇಕು, ಏನೇನು ಎತ್ತಬೇಕು ಅನ್ನುವುದು ಮಂಡಿಗೆ, ಸೊಂಟಕ್ಕೆ ಗೊತ್ತಾಗಬೇಕು, ಜಾಹೀರಾತಿನಲ್ಲಿ ಅದೆಲ್ಲ ಬರೆದಿರುವುದಿಲ್ಲ.

ಟೀಚರ್ ಆಗಿದ್ದವರು:
ಸಂಬಳಕ್ಕಿಂತ ಮೊದಲು ಹೊತ್ತಿನ ಮಾತಾಡಿ, ಸಾಧ್ಯವಾದರೆ ಬರವಣಿಗೆಯಲ್ಲೇ ಇರಲಿ. ಅನುಭವ ಇದ್ದವರು ಸಿಕ್ಕಿದರೆ ‘ಇವತ್ತೊಂದು ದಿನ ಇರಿ’ ಅಂತ ಶುರುವಾಗಿ ಅರ್ಧ ದಿನ ಪೂರ್ತಿ ದಿನವಾಗುತ್ತದೆ.

ಅಕೌಂಟೆಂಟ್ ಆಗಿದ್ದವರು:
ಇನ್ನೊಂದು ಮರೆತಿದ್ದೆ. ಹಳೆಯ ಪರಿಚಯದವರು ನಕ್ಷೆಗೆ ಒಂದು ಸಹಿ ಹಾಕಿಕೊಡಿ ಅಂತ ಬಂದೇ ಬರುತ್ತಾರೆ. ಕೆಲಸ ಅರ್ಧ ದಿನದ್ದಾದರೂ ಸಹಿಯ ಜವಾಬ್ದಾರಿ ಪೂರ್ತಿ. ಪರವಾನಗಿ, ವಿಮೆ ಚಾಲ್ತಿಯಲ್ಲಿ ಇಲ್ಲದಿದ್ದರೆ ಒಪ್ಪಲೇಬೇಡಿ. ಬೇರೆ ಸಂಪಾದನೆಯಿಂದ ಪಿಂಚಣಿಗೆ ತೊಂದರೆ ಇದೆಯಾ ಅಂತಲೂ ಮೊದಲೇ ವಿಚಾರಿಸಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ನಕ್ಷೆಯಂತೂ ಅಲ್ಲ. ಹೊಸದಾಗಿ ಸೇರಿದ ಹುಡುಗರನ್ನು ಕರೆದುಕೊಂಡು ಹೋಗಿ ಕಾಂಕ್ರೀಟು, ಕಬ್ಬಿಣ ಕೈಯಲ್ಲಿ ಮುಟ್ಟಿಸಿ ತೋರಿಸುತ್ತಿದ್ದೆನಲ್ಲ, ಅದೇ ಇಷ್ಟವಿತ್ತು. ಪಾಲಿಟೆಕ್ನಿಕ್‌ನ ಪ್ರಾಕ್ಟಿಕಲ್ ತರಗತಿಗಳಿಗೆ ಕೇಳಿ ನೋಡುತ್ತೇನೆ. ಅಂಥ ಕಡೆ ಕೆಲಸ ಮಾಡಿದವರಿದ್ದರೆ, ವಾರಕ್ಕೆ ಎಷ್ಟು ಗಂಟೆ ಒಪ್ಪಿಕೊಂಡಿರಿ ಅಂತ ತಿಳಿಸಿ.