ಅಪ್‌ಡೇಟ್: ಲಯನ್ಸ್ ಕ್ಲಬ್ಬಿನ ಟಿಕೆಟ್ ಹಣ, ಎರಡು ಖಾತೆ, 80ಜಿ ರಶೀದಿ

ಸಂಗೀತ ಸಂಜೆಯ ಟಿಕೆಟ್ ಮಾರಿ ಬಂದ ಹಣದಲ್ಲಿ ಕ್ಲಬ್ಬಿನ ಮೀಟಿಂಗ್ ಊಟದ ಬಿಲ್ ಕಟ್ಟಬಹುದೇ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕಟ್ಟುವಂತಿಲ್ಲ. ಲಯನ್ಸ್ ನಿಯಮದಲ್ಲಿ ಜನರಿಂದ ಎತ್ತಿದ ಹಣ, ಬಡ್ಡಿ ಸಮೇತ, ಜನರಿಗೇ ಹೋಗಬೇಕು. ಆ ಕಾರ್ಯಕ್ರಮಕ್ಕೇ ತಗುಲಿದ ಹಾಲ್ ಬಾಡಿಗೆ, ಮೈಕ್ ಸೆಟ್, ಟಿಕೆಟ್ ಮುದ್ರಣದ ಖರ್ಚು ಕಳೆಯಬಹುದು. ಊಟ ಸದಸ್ಯರ ಚಂದಾದಿಂದಲೇ.

ಈಗ ಆಡಳಿತಕ್ಕೊಂದು (ಸದಸ್ಯರ ಚಂದಾ), ಸೇವೆಗೊಂದು (ಜನರಿಂದ ಬಂದ ಹಣ) ಖಾತೆ ಇದೆ. ಆದರೂ ಎಡವಟ್ಟಾಗಿದ್ದು ಕ್ಯೂಆರ್‌ನಲ್ಲಿ. ಟಿಕೆಟ್ ಟೇಬಲ್ ಮೇಲೆ ಅಂಟಿಸಿದ್ದು ಆಡಳಿತ ಖಾತೆಯ ಹಳೇ ಸ್ಟಿಕ್ಕರ್. ಚಂದಾ ಯಾವುದು, ಟಿಕೆಟ್ ಯಾವುದು ಅಂತ ಸ್ಟೇಟ್‌ಮೆಂಟ್ ನೋಡಿದರೆ ತಿಳಿಯುವುದಿಲ್ಲ. ಪ್ರತಿ ಕೌಂಟರ್‌ಫಾಯಿಲ್ ಹಿಂದೆ ಯುಪಿಐ ವ್ಯವಹಾರ ಸಂಖ್ಯೆಯ ಕೊನೆಯ 4 ಅಂಕಿ ಪೆನ್ನಲ್ಲಿ ಬರೆದಿದ್ದರಿಂದ ತಾಳೆ ಹಾಕಿ, ಪೂರ್ತಿ ಹಣ ಸೇವಾ ಖಾತೆಗೆ ವರ್ಗಾಯಿಸಲು ಸಾಧ್ಯವಾಯಿತು. ಹೀಗೆ ಅಂಕಿ ಬರೆದಿಡುವುದನ್ನು ದಯವಿಟ್ಟು ಎಲ್ಲರೂ ಮಾಡಿ.

80ಜಿ (ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಕೊಡುವ ಸೆಕ್ಷನ್) ವಿಷಯ: ಟಿಕೆಟ್‌ಗೆ ಆ ರಶೀದಿ ಕೊಡಬೇಡಿ, ಕೊಂಡವರಿಗೆ ಕಾರ್ಯಕ್ರಮ ಸಿಕ್ಕಿದೆ, ಅದು ದೇಣಿಗೆಯಲ್ಲ. ನಿಜವಾದ ದೇಣಿಗೆಗೆ 80ಜಿ ನೋಂದಣಿ ಇರುವ ಟ್ರಸ್ಟಿನ ಹೆಸರಲ್ಲೇ ರಶೀದಿ ಹೋಗಬೇಕು. ₹2,000 ದಾಟಿದ ನಗದಿಗೆ ವಿನಾಯಿತಿ ಇಲ್ಲ. 2024-25ರ ದೇಣಿಗೆಗಳ ಫಾರಂ 10ಬಿಡಿಗೆ (ದೇಣಿಗೆ ಕೊಟ್ಟವರ ವಿವರವನ್ನು ಟ್ರಸ್ಟ್ ತೆರಿಗೆ ಇಲಾಖೆಗೆ ಸಲ್ಲಿಸುವ ಪಟ್ಟಿ) ಗಡುವು 2025ರ ಮೇ 31 ಆಗಿತ್ತು. ತಡವಾದರೆ ದಿನಕ್ಕೆ ₹200 ಶುಲ್ಕ. ಈ ಪಟ್ಟಿಗೆ ಬೇಕಾದ ದಾನಿಗಳ ಪ್ಯಾನ್ ನಂಬರನ್ನು ಹಣ ಪಡೆಯುವಾಗಲೇ ಬರೆಸಿಕೊಳ್ಳಿ. ಮೇ ತಿಂಗಳಲ್ಲಿ ಫೋನ್ ಮಾಡಿ ಕೇಳಿದರೆ ಅರ್ಧ ಜನ ಎತ್ತುವುದಿಲ್ಲ.