ಕಳ್ಳ ಅಂದುಬಿಟ್ಟವನಿಗೆ ಕುಯ್ಲಿನ ಹೊತ್ತಲ್ಲಿ ಫೋನ್ ಮಾಡುವುದು ಹೇಗೆ?

ಸಿದ್ದಾಪುರದವ:

ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಮೂರು ಎಕರೆ ರೊಬಸ್ಟಾ ಕಾಫಿ ತೋಟ. ದೊಡ್ಡ ಪ್ಲಾಂಟರ್ ಅಲ್ಲ. ಅಪ್ಪ ಇರುವವರೆಗೆ ತೋಟದ ಲೆಕ್ಕವೆಲ್ಲ ಅವರ ತಲೆಯಲ್ಲೇ ಇತ್ತು. ಅವರು ಹೋದ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಆ ನೋಟ್‌ಬುಕ್ಕೇ ಈ ಕಥೆಗೆ ಮೂಲ.

ಕಳೆದ ಸಲದ ಕುಯ್ಲಿಗೆ ಆಳುಗಳಿಗೆ ಅಂತ ಸಾಲಾಗಿ ಕಟ್ಟಿದ ಹಳೇ ಲೈನ್ ಮನೆಯಲ್ಲಿ ಅಸ್ಸಾಮಿನ ಒಂದು ಸಂಸಾರ ಇತ್ತು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗು. ಪಕ್ಕದ ಕೋಣೆಯಲ್ಲಿ ಅವರ ಊರಿನ ಇಬ್ಬರು ಹುಡುಗರು. ಇವರ ಜೊತೆ ಹತ್ತಿರದ ಕಾಲೋನಿಯಿಂದ ಇಬ್ಬರು ಹೆಂಗಸರು ಬರುತ್ತಿದ್ದರು. ಆ ಹೊತ್ತಿಗೆ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ಬೆಲೆ 50 ಕೆ.ಜಿ. ಚೀಲಕ್ಕೆ 10,000 ದಾಟಿತ್ತು. ನಮ್ಮ ಕಡೆಯವರಿಗೆ ಗೊತ್ತು, ಬೆಲೆ ಏರಿದ ಮೇಲೆ ಕಣದಲ್ಲಿ ಕಾಫಿ ಹರಡಿ ನಿದ್ದೆ ಮಾಡಿದವರೇ ಇಲ್ಲ. ಗಿಡದಿಂದಲೇ ಗೊಂಚಲು ಸವರಿಕೊಂಡು ಹೋಗುತ್ತಾರೆ ಅಂತ ದಿನಾ ಸುದ್ದಿ. ಅಪ್ಪ ಫೆಬ್ರವರಿ ಕಳೆದು, ಹಣ್ಣು ಗಿಡದಲ್ಲೇ ಅರ್ಧ ಕಪ್ಪಾದ ಮೇಲೆ ಕುಯ್ಯಿಸುತ್ತಿದ್ದರು. ನಾನು ಹೆದರಿ ಡಿಸೆಂಬರ್‌ನಲ್ಲೇ ಶುರು ಮಾಡಿದೆ. ಹಣ್ಣು ಕೆಂಪಗೆ, ರಸ ತುಂಬಿಕೊಂಡಿತ್ತು.

ನೋಟ್‌ಬುಕ್ ಪ್ರಕಾರ ಒಟ್ಟು 6,200 ಕೆ.ಜಿ. ಹಣ್ಣು. ಅಪ್ಪನ ಲೆಕ್ಕ ಯಾವಾಗಲೂ ಎರಡಕ್ಕೆ ಒಂದು, ಅಂದರೆ ಎರಡು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಒಣ ಚೆರಿ. ಹಾಗೆ ನೋಡಿದರೆ 62 ಚೀಲ ಆಗಬೇಕು. ಫೆಬ್ರವರಿಯಲ್ಲಿ ಕಣ ಎತ್ತಿದಾಗ ಆಗಿದ್ದು 51. ಹನ್ನೊಂದು ಚೀಲ ಎಲ್ಲಿ? ಒಂದು ಲಕ್ಷಕ್ಕೂ ಮೇಲಿನ ಮಾತು. ರಾತ್ರಿ ಕಣಕ್ಕೆ ಹತ್ತಿರ ಇದ್ದವರು ಲೈನ್ ಮನೆಯವರು ಮಾತ್ರ.

ಮುಂದೆ ಏನಾಯಿತು ಅಂತ ಬರೆಯುವುದಕ್ಕೆ ಕೈ ಬರುವುದಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಹೋಗಿ ಅವರ ಟ್ರಂಕ್ ತೆಗೆಸಿದೆ. ಮಗುವಿನ ಹೊಸ ಸ್ವೆಟರ್, ಎರಡು ಸೀರೆ, ಒಂದು ಶಾಲೆ ನೋಟ್‌ಬುಕ್ ಇತ್ತು. ನೋಟ್‌ಬುಕ್ಕಿನ ತುಂಬ ಸಾಲು ಸಾಲಾಗಿ ಅವರ ಅಂಕಿಗಳು. ನನಗೆ ಓದಲು ಬರಲಿಲ್ಲ, ಪಕ್ಕಕ್ಕೆ ಎಸೆದೆ. ನನಗೆ ಬರುವ ಹಿಂದಿ ನಾಲ್ಕೇ ಪದ. ಅದರಲ್ಲಿ ಒಂದು 'ಚೋರ್'. ಅದನ್ನು ಎರಡು ಸಲ ಹೇಳಿದೆ. ಅವನು ಜಗಳ ಆಡಲಿಲ್ಲ. ಹೆಂಡತಿ ಸುಮ್ನೆ ಸ್ವೆಟರ್ ಮಡಚಿ ಮತ್ತೆ ಟ್ರಂಕ್‌ಗೆ ಇಟ್ಟಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೇ ಹೋದರು. ಮೆಣಸು ಕುಯ್ಯುವುದು ಬಾಕಿ ಇತ್ತು. ನೋಡಿ, ತಪ್ಪಿಲ್ಲದಿದ್ದರೆ ಯಾಕೆ ಓಡಿಹೋದ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಈ ಸಲ ಡಿಸೆಂಬರ್‌ನಲ್ಲಿ ಪೇಟೆಯ ವ್ಯಾಪಾರಿ ಒಬ್ಬರ ಹತ್ತಿರ ಈ ಕಥೆ ಹೇಳುತ್ತಿದ್ದೆ. ಅವರು ತೇವ ನೋಡುವ ಮೆಷಿನ್ ಕೆಳಗಿಟ್ಟು ನಕ್ಕರು. "ಕೆಂಪು ಹಣ್ಣಿಗೆ ಎರಡಕ್ಕೆ ಒಂದು ಅಂತ ಯಾರು ಹೇಳಿದ್ದು ನಿಮಗೆ?" ಅಂದರು. ಮನೆಗೆ ಬಂದು 10 ಕೆ.ಜಿ. ಹಣ್ಣು ತೂಗಿ ಬೇರೆ ಟಾರ್ಪಲ್ ಮೇಲೆ ಹಾಕಿದೆ. ಕೋಳಿ ಕೂಡ ಹತ್ತಿರ ಬರದಂತೆ ಕಾದೆ. ಹದಿನಾರು ದಿನ ಒಣಗಿಸಿ ತೂಗಿದರೆ 4 ಕೆ.ಜಿ. 150 ಗ್ರಾಂ. ಈ ಲೆಕ್ಕದಲ್ಲಿ 6,200 ಕೆ.ಜಿ. ಹಣ್ಣಿಗೆ ಎಷ್ಟಾಗುತ್ತದೆ, ನೀವೇ ಹಾಕಿ ನೋಡಿ. 51 ಚೀಲ, ಮೇಲೆ ಸ್ವಲ್ಪ. ಕಳ್ಳ ಬಂದಾನು ಅಂತ ಬೇಗ ಕುಯ್ಯಿಸಿದೆ. ಬೇಗ ಕುಯ್ದಿದ್ದಕ್ಕೆ ತೂಕ ಜಾಸ್ತಿ ಇಳಿಯಿತು. ಇಳಿದ ತೂಕಕ್ಕೆ ಒಬ್ಬ ಕಳ್ಳನನ್ನು ಹುಡುಕಿದೆ.

ನಂಬರ್ ಇನ್ನೂ ಫೋನಿನಲ್ಲಿದೆ. ತೊಂದರೆ ಏನೆಂದರೆ, ಈಗ ಕುಯ್ಲು ಅರ್ಧಕ್ಕೆ ನಿಂತಿದೆ. ಆಳಿಲ್ಲ. ಹಣ್ಣು ಉದುರುತ್ತಿದೆ, ರಾತ್ರಿ ಆನೆ ಬೇರೆ. ಈಗ ಫೋನ್ ಮಾಡಿ ತಪ್ಪಾಯಿತು ಅಂದರೆ, ಆಳು ಸಿಗದೆ ನಾಟಕ ಮಾಡುತ್ತಿದ್ದಾನೆ ಅಂತ ಅನ್ನಿಸುವುದಿಲ್ವಾ? ನಿಜ ಹೇಳಬೇಕೆಂದರೆ ನನಗೂ ಅದೇ ಅನುಮಾನ. ಆಳು ಸಿಕ್ಕಿದ್ದರೆ ಇಷ್ಟು ಯೋಚನೆ ಮಾಡುತ್ತಿದ್ದೆನಾ? ಕುಯ್ಲು ಮುಗಿಯುವವರೆಗೆ ಕಾಯಲಾ, ಈಗಲೇ ಮಾಡಲಾ? ಇಂಥದ್ದು ಯಾರಿಗಾದರೂ ಆಗಿದೆಯಾ?

ಬೇಲಿಯಾಚೆ:

ಅಷ್ಟೊಂದು ತಲೆಗೆ ಹಚ್ಚಿಕೊಳ್ಳಬೇಡಿ. ನಿಮ್ಮ ಚೀಲ ಹೋಗಿಲ್ಲ ಸರಿ, ನನ್ನದು ನಿಜವಾಗಿಯೂ ಹೋಗಿದೆ. ಆರು ಚೀಲ, ಮನೆ ಮುಂದಿನ ಕಣದಿಂದ. ನಾಯಿ ಬೊಗಳಲಿಲ್ಲ. ಅಂದರೆ ನಾಯಿಗೆ ಗುರುತು ಇದ್ದವರೇ ತಾನೆ? ಈಗ ಕ್ಯಾಮೆರಾ ಹಾಕಿಸಿದ್ದೇನೆ. ಅದರಲ್ಲಿ ಇದುವರೆಗೆ ಕಂಡಿದ್ದು ಒಂದು ಕಾಡುಹಂದಿ ಮತ್ತು ನಮ್ಮ ಮಾವ. ಅನುಮಾನ ಪಡುವುದು ತಪ್ಪಲ್ಲ. ಟ್ರಂಕ್ ತೆಗೆಸಬಾರದಿತ್ತು, ಅಷ್ಟೇ.

ಹಳೇ ರೈಟರ್:

ನಾನು ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ 31 ವರ್ಷ ರೈಟರ್, ಅಂದರೆ ತೂಕದ ಲೆಕ್ಕ ಬರೆಯುವವನು, ಆಗಿದ್ದೆ. ಹಣ್ಣಿನ ತೂಕ ನನ್ನನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸ. ಗಿಡದಲ್ಲಿ ಬಾಡಿದ ಹಣ್ಣಿನ ಲೆಕ್ಕ ಬೇರೆ, ಕೆಂಪು ಹಣ್ಣಿನ ಲೆಕ್ಕ ಬೇರೆ. ನಿಮ್ಮ ಅಪ್ಪನೂ ತಪ್ಪು ಹೇಳಿಲ್ಲ. ಅವರು ಕುಯ್ಯಿಸುತ್ತಿದ್ದ ಹಣ್ಣಿಗೆ ಅದು ಸರಿ.

ನೀವು ಬರೆದಿದ್ದು ಓದಿ ನನ್ನದೂ ಒಂದು ನೆನಪಾಯಿತು. ಸಂಜೆ ತೂಕದ ಹೊತ್ತಿಗೆ ಚೀಲದ ಬಾಬ್ತು ಎರಡು ಕೆ.ಜಿ. ಕಳೆಯುವುದು ನಾನು ಸೇರುವ ಮೊದಲಿಂದ ಇದ್ದ ಪದ್ಧತಿ. ನಾನೂ ಕಳೆಯುತ್ತಾ ಬಂದೆ. ಒಂದು ದಿನ ತೋಟದ ಕೆಲಸಕ್ಕೆ ಬರುತ್ತಿದ್ದ ಎರವರ (ಇಲ್ಲಿನ ಒಂದು ಬುಡಕಟ್ಟು) ಅಜ್ಜಿಯೊಬ್ಬಳು ತನ್ನ ಚೀಲ ಕೊಡವಿ ತಕ್ಕಡಿಗೆ ಹಾಕಿ, "ಖಾಲಿ ಚೀಲ ತೂಗಿ ಅಯ್ಯಾ" ಅಂದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ತೂಗಿದೆ. ಒಂದು ಕೆ.ಜಿ.ಯೂ ಇರಲಿಲ್ಲ. ಆಮೇಲೆ ಯಾರೂ ನಗಲಿಲ್ಲ.

ಮರುದಿನದಿಂದ ಒಂದೇ ಕೆ.ಜಿ. ಕಳೆದೆ. ದೊರೆಗೆ ಹೇಳದೆ, ನನ್ನ ಧೈರ್ಯದ ಮೇಲೆ ಮಾಡಿದ್ದು. ಅದನ್ನು ಬಹಳ ದಿನ ದೊಡ್ಡ ಉಪಕಾರ ಅಂತ ಅಂದುಕೊಂಡಿದ್ದೆ. ಅದಕ್ಕೂ ಹಿಂದಿನ ಹನ್ನೆರಡು ವರ್ಷ ಎಷ್ಟು ಚೀಲ ತೂಗಿದ್ದೆ, ಎಷ್ಟು ಜನರಿಂದ ಎಷ್ಟು ಕೆ.ಜಿ. ಹೋಯಿತು ಅಂತ ಒಮ್ಮೆಯೂ ಕೂಡಿಸಿ ನೋಡಲಿಲ್ಲ. ಕೂಡಿಸಲು ಬರದವನೇನಲ್ಲ ನಾನು, ರೈಟರ್. ಅಜ್ಜಿ ಈಗಿಲ್ಲ.

ಕಾಯಬೇಡಿ. ಕಾದರೆ ಮಳೆಗಾಲ ಬರುತ್ತದೆ, ಮಳೆಗಾಲದಲ್ಲಿ ಬೇರೆ ಕೆಲಸ ಬರುತ್ತದೆ.

ಮೈಸೂರಲ್ಲಿರುವವಳು:

ನಾನು ಲೈನ್ ಮನೆಯಲ್ಲಿ ಹುಟ್ಟಿದವಳು. ಮಡಿಕೇರಿ ತಾಲೂಕಿನ ಒಂದು ತೋಟ, ಹೆಸರು ಬೇಡ. ನನಗೆ ಎಂಟು ವರ್ಷ ಇದ್ದಾಗ ಒಂದು ಬೇಸಿಗೆಯಲ್ಲಿ, ಹೂವಿಗೆ ನೀರು ಹೊಡೆಯುವ ಸಮಯದಲ್ಲಿ, ಸ್ಪ್ರಿಂಕ್ಲರ್‌ನ ಹಿತ್ತಾಳೆ ತಲೆ ಒಂದು ಕಾಣೆಯಾಯಿತು. ಹಿತ್ತಾಳೆಗೆ ಗುಜರಿಯಲ್ಲಿ ಒಳ್ಳೇ ಕಾಸು. ಪೈಪ್ ಜೋಡಿಸುತ್ತಿದ್ದವರು ನಮ್ಮಪ್ಪ. ಬೆಳಿಗ್ಗೆ ಆಳು ಲೆಕ್ಕ ಹಾಕುವ ಜಾಗದಲ್ಲಿ, ನಲವತ್ತು ಜನರ ಮುಂದೆ ಅಪ್ಪನ ಜೇಬು ನೋಡಿದರು.

ಮುಂದಿನ ವರ್ಷ ಕೆರೆ ಬತ್ತಿದಾಗ ಅದು ಕೆಸರಿನಲ್ಲಿ ಸಿಕ್ಕಿತು. ತೋಟದ ಯಜಮಾನರು ಕೆಟ್ಟವರಲ್ಲ. ಅವತ್ತು ರಾತ್ರಿ ಒಬ್ಬರೇ ಟಾರ್ಚ್ ಹಿಡಿದು ನಮ್ಮ ಮನೆಗೆ ಬಂದರು. ಎರಡು ಕೆ.ಜಿ. ಹಂದಿ ಮಾಂಸ ತಂದಿದ್ದರು. ಬಾಗಿಲಲ್ಲೇ ನಿಂತು ಮೆಲ್ಲಗೆ ಏನೋ ಹೇಳಿದರು. ಅಪ್ಪ ಪರವಾಗಿಲ್ಲ ಅಂದರು. ಅಮ್ಮ ಮಾಂಸ ಬೇಯಿಸಿದಳು, ನಾವು ತಿಂದೆವು. ಚೆನ್ನಾಗಿಯೇ ಇತ್ತು.

ಆದರೆ ಜೇಬು ನೋಡಿದ್ದನ್ನು ಕಂಡ ನಲವತ್ತು ಜನರಲ್ಲಿ ಒಬ್ಬರಿಗೂ ಅದು ಸಿಕ್ಕಿದ್ದು ಗೊತ್ತಾಗಲಿಲ್ಲ. ನಾನು ಏಳನೇ ಕ್ಲಾಸಿಗೆ ಬರುವವರೆಗೆ ಶಾಲೆಯಲ್ಲಿ ನನ್ನ ಹೆಸರು 'ಪೈಪ್'.

ನೀವು ಫೋನ್ ಬಗ್ಗೆ ಇಷ್ಟು ಯೋಚನೆ ಮಾಡುತ್ತಿದ್ದೀರಿ. ಚೋರ್ ಅಂದಾಗ ಅಲ್ಲಿ ಯಾರ್ಯಾರು ನಿಂತಿದ್ದರು? ಓಡಿಹೋದ ಅಂತ ಯಾರ್ಯಾರಿಗೆ ಹೇಳಿದ್ದಿರಿ? ಮೊದಲು ಅವರ ಹತ್ತಿರ ಹೋಗಿ. ಅವರಲ್ಲಿ ಯಾರೂ ನಿಮ್ಮ ತೋಟಕ್ಕೆ ಕುಯ್ಯಲು ಬರುವವರಲ್ಲವಾದರೆ ನಾಟಕದ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ?

ಕುಶಾಲನಗರ ಲೆಕ್ಕ:

ಒಂದು ಸಣ್ಣ ಪ್ರಶ್ನೆ. ಹೋಗುವಾಗ ಅವರಿಗೆ ಕೂಲಿ ಬಾಕಿ ಇತ್ತಾ?

ಸಿದ್ದಾಪುರದವ:

ಇತ್ತು.

ಅದನ್ನು ಬರೆಯದೆ ಬಿಟ್ಟಿದ್ದು ಮರೆತು ಅಲ್ಲ. ನಡುವೆ ಕೈಕೊಟ್ಟು ಹೋಗದಿರಲಿ ಅಂತ ಕೊನೆಯ ವಾರದ ಕೂಲಿ ಇಟ್ಟುಕೊಂಡಿದ್ದೆ, ಮೆಣಸು ಮುಗಿದ ಮೇಲೆ ಕೊಡೋಣ ಅಂತ. ಗಂಡ ಹೆಂಡತಿ ಇಬ್ಬರದು ಸೇರಿ ಆರು ದಿನ, 1,080 ಕೆ.ಜಿ. ಹಣ್ಣು. ಕೆ.ಜಿ.ಗೆ 5 ರೂಪಾಯಿ. 5,400. ಹನ್ನೊಂದು ಚೀಲಕ್ಕೆ ಇದು ಯಾವ ಲೆಕ್ಕ ಅಂತ ಅವತ್ತು ಮನಸ್ಸಿಗೆ ಸಮಾಧಾನ ಮಾಡಿಕೊಂಡಿದ್ದೆ.

ಕುಶಾಲನಗರ ಲೆಕ್ಕ:

ಹಾಗಾದರೆ ಚೋರ್ ಯಾರು ಅಂತ ನಾನು ಹೇಳುವುದಿಲ್ಲ. ಮೊದಲು ದುಡ್ಡು ಕಳಿಸಿ. ಕ್ಷಮೆ ಆಮೇಲೆ ಕೇಳಿ. ಕೆಲಸಕ್ಕೆ ಬಾ ಅಂತ ಕರೆಯಲೇಬೇಡಿ.

ಬೇಲಿಯಾಚೆ:

ಮೇಲೆ ನಾನು ಬರೆದಿದ್ದರಲ್ಲಿ ಅರ್ಧ ವಾಪಸ್ ತಗೊಂಡೆ. ಕೂಲಿ ಹಿಡಿಯಬಾರದಿತ್ತು ಮಾರಾಯ್ರೇ.

ಸಿದ್ದಾಪುರದವ: (ಹತ್ತು ದಿನದ ನಂತರ)

ಏನಾಯಿತು ಅಂತ ಇಬ್ಬರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಮೈಸೂರಿನವರು ಹೇಳಿದ ಹಾಗೆ ಮೊದಲು ಊರಲ್ಲೇ ಶುರು ಮಾಡಿದೆ. ಟೀ ಅಂಗಡಿಯಲ್ಲಿ ಹೇಳುವುದು ಎಲ್ಲಕ್ಕಿಂತ ಕಷ್ಟ ಆಯಿತು. ಯಾರೂ ಕೇಳಿಸಿಕೊಳ್ಳಲೇ ಇಲ್ಲ! ಕಳುವಿನ ಕಥೆ ಹೇಳಿದಾಗ ಟೀ ತಣ್ಣಗಾಗುವವರೆಗೆ ಕೂತಿದ್ದವರು, ಕಳುವಾಗಿರಲಿಲ್ಲ ಅಂದಾಗ "ಹೌದಾ" ಅಂದು ಆನೆ ಸುದ್ದಿಗೆ ಹೋದರು. ಎರಡು ಸಲ ಹೇಳಿದೆ. ಎರಡನೇ ಸಲ ಅಂಗಡಿಯವರು, "ಆಯ್ತಲ್ಲ, ಬಿಡಿ" ಅಂದರು.

ಕಾಲೋನಿಯ ಆ ಇಬ್ಬರು ಹೆಂಗಸರ ಮನೆಗೆ ಹೋದೆ. ಅವರು ಈಗ ಬೇರೆ ತೋಟಕ್ಕೆ ಹೋಗುತ್ತಾರೆ. ಒಬ್ಬಾಕೆ ಪೂರ್ತಿ ಕೇಳಿ, "ನಮಗೆ ಅವತ್ತೇ ಗೊತ್ತಿತ್ತು" ಅಂದಳು. ಮತ್ಯಾಕೆ ಹೇಳಲಿಲ್ಲ ಅಂತ ಬಾಯಿಗೆ ಬಂತು. ಕೇಳಲಿಲ್ಲ. ಹೇಳಿದ್ದರೆ ಮುಂದಿನ ಟ್ರಂಕ್ ಯಾರದ್ದು ತೆಗೆಸುತ್ತಿದ್ದೆ ಅಂತ ನನಗೂ ಗೊತ್ತು.

ಆಮೇಲೆ 5,400 ಕಳಿಸಿದೆ. ಫೋನಿನಲ್ಲಿ ಅವನ ಹೆಂಡತಿಯ ಹೆಸರು ತೋರಿಸಿತು. ಒಂದು ವರ್ಷ ಕೆಲಸ ಮಾಡಿಸಿಕೊಂಡ ಹಾಗೆ ಮಾತಾಡುತ್ತೇನೆ, ಆಕೆಯ ಪೂರ್ತಿ ಹೆಸರು ನಾನು ಓದಿದ್ದು ಅವತ್ತೇ ಮೊದಲು.

ರಾತ್ರಿ ಅವನೇ ಫೋನ್ ಮಾಡಿದ. ನಾನು ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡಿದ್ದೆ, ಅವನಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಹಣ್ಣಿನ ತೂಕ, ಟಾರ್ಪಲ್, ಹದಿನಾರು ದಿನ, ಎಲ್ಲ ಹೇಳಿಸಿದೆ. ತಪ್ಪು ನನ್ನದು ಅನ್ನುವುದನ್ನು ಮಾತ್ರ ನಾನೇ ಹೇಳಿದೆ. 'ಗಲ್ತಿ' ಅನ್ನುವ ಪದ ಅವತ್ತೇ ಕಲಿತಿದ್ದು. ಅವನು ತುಂಬಾ ಹೊತ್ತು ಸುಮ್ಮನಿದ್ದ. ಅಳುತ್ತಾನೇನೋ, ಬೈಯುತ್ತಾನೇನೋ ಅಂತ ಕಾದೆ. ಎರಡೂ ಅಲ್ಲ. ಒಂದು ನಿಮಿಷ ಅಂದ. ಆ ಕಡೆ ಹೆಂಡತಿಯ ಧ್ವನಿ, ಕಾಗದ ತಿರುವುವ ಸದ್ದು.

"1,112" ಅಂದ. "ನಮ್ಮ ಪುಸ್ತಕದಲ್ಲಿ 1,112 ಕೆ.ಜಿ. ಇದೆ. ನೀವು 1,080ಕ್ಕೆ ಕಳಿಸಿದ್ದೀರಿ."

ಒಂದು ಕ್ಷಣ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ 160 ರೂಪಾಯಿಯ ಮಾತಾ ಅಂತ. ಆದರೂ ಕಳಿಸಿದೆ. ಸರಿ ಅಂದ, ಫೋನ್ ಇಟ್ಟ. ಈಗ ಎಲ್ಲಿದ್ದಾನೆ, ಏನು ಕೆಲಸ, ನಾನು ಕೇಳಲಿಲ್ಲ. ಬಾ ಅಂತಲೂ ಕರೆಯಲಿಲ್ಲ. ಹಣ್ಣು ಇನ್ನೂ ಗಿಡದಲ್ಲಿದೆ. ನಾನು, ಹೆಂಡತಿ, ಆಕೆಯ ಅಣ್ಣ ಸೇರಿ ಆದಷ್ಟು ಕುಯ್ಯುತ್ತಿದ್ದೇವೆ. ದಿನಕ್ಕೆ ತೊಂಬತ್ತು ಕೆ.ಜಿ. ಕುಯ್ಯುವುದು ಅಂದರೆ ಏನು ಅಂತ ನನ್ನ ಸೊಂಟಕ್ಕೆ ಗೊತ್ತಾಗಿದೆ. ನನ್ನದು ನಲವತ್ತು ದಾಟಿಲ್ಲ.

ನಿನ್ನೆ ಸಂಜೆ ನಮ್ಮದೇ ಹಣ್ಣು ತೂಗುವಾಗ ಕೈ ತಾನಾಗಿ ನೋಟ್‌ಬುಕ್ಕಿನಲ್ಲಿ ಚೀಲಕ್ಕೆ ಎರಡು ಕೆ.ಜಿ. ಕಳೆಯಿತು. ಅಪ್ಪನ ಕಾಲದ ಅಭ್ಯಾಸ. ಹಳೇ ರೈಟರ್ ಬರೆದಿದ್ದು ನೆನಪಾಗಿ ಖಾಲಿ ಚೀಲ ತಕ್ಕಡಿಗೆ ಹಾಕಿದೆ. ಒಂದೇ ಕೆ.ಜಿ. ಇತ್ತು. ಕಳೆದ ವರ್ಷದ ಪುಟ ತೆಗೆದು ಆ ಆರು ದಿನ ಅವರಿಬ್ಬರು ಎಷ್ಟು ಚೀಲ ತೂಗಿಸಿದ್ದರು ಅಂತ ಎಣಿಸಿದೆ. 32.

ಉಳಿದ ನಾಲ್ಕು ಜನರ ಪುಟ ಇನ್ನೂ ತೆಗೆದಿಲ್ಲ. ಇವತ್ತು ರಾತ್ರಿ ಕೂತು ಎಣಿಸಬೇಕು.